ಕಂಡಕ್ಟರತ್ತೆಯ ಲಾಟೀನು

ಹೋದ ತಿಂಗಳು ಒಂದು ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿದ್ದ ರಾಗಿಯ ಡ್ರಮ್ಮಿನ ಮುಚ್ಚಳ ತೆಗೆದೆ. ಊರಿನಿಂದ ಅವ್ವ ಕಳಿಸಿದ ರಾಗಿ. ಚಿತ್ರದುರ್ಗದ ಮನೆಯಲ್ಲಿ ಈಗ ನಾವಿಬ್ಬರೇ, ಮುದ್ದೆ ಮಾಡುವುದೂ ಕಡಿಮೆ. ಹಾಗಾಗಿ ಆ ಡ್ರಮ್ಮನ್ನು ಮುಟ್ಟಿ ಬಹಳ ಕಾಲವಾಗಿತ್ತು. ಮುಚ್ಚಳ ಎತ್ತಿದ ಕೂಡಲೇ ಬೆಚ್ಚಗಿನ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಕೆಟ್ಟುಹೋದ ಕಾಳಿನ ವಾಸನೆಯಲ್ಲ ಅದು, ಗಾಳಿ ಬೆಳಕು ಕಾಣದೆ ಒಳಗೇ ಉಳಿದ ಕಾಳಿನ ವಾಸನೆ. ಕೈಯಲ್ಲಿದ್ದ ಮೊರ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ನಮ್ಮೆಜಮಾನರು ಬಂದು ನೋಡಿ, ಬಿ.ಪಿ. ಮಾತ್ರೆ ತಗೊಂಡೆಯಾ ಎಂದು ಕೇಳಿದರು. ಹುಟ್ಟಿದಾಗಿನಿಂದ ಟೌನಿನಲ್ಲೇ ಇರುವ ಅವರಿಗೆ ಹಗೇವಿನ ವಾಸನೆ ಎಂದರೆ ಏನು ತಿಳಿಯಬೇಕು? ತಗೊಂಡೆ ಎಂದು ಹೇಳಿ ಕಳಿಸಿದೆ.

ಹಗೇವು ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ರಾಗಿ ತುಂಬಿ, ಮೇಲೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಹುಳ ಬದುಕದ ಜಾಗದಲ್ಲಿ ಮನುಷ್ಯನೂ ಬದುಕುವುದಿಲ್ಲ. ಅದಕ್ಕೇ ಕಲ್ಲು ಎತ್ತಿದ ಮೇಲೆ ಒಂದು ರಾತ್ರಿ ಪೂರ್ತಿ ಬಾಯಿ ತೆರೆದು ಬಿಡುತ್ತಿದ್ದರು. ಬೆಳಿಗ್ಗೆ ಹಗ್ಗಕ್ಕೆ ಲಾಟೀನು ಕಟ್ಟಿ ಒಳಗೆ ಇಳಿಬಿಟ್ಟು ನೋಡುತ್ತಿದ್ದರು. ಲಾಟೀನು ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಉರಿಯುತ್ತಿದ್ದರೆ ಮೇಲೆಳೆದು, ಬಾಯಿಯ ಪಕ್ಕ ಕಾಣುವ ಹಾಗೆ ಇಟ್ಟು, ಆಮೇಲೆ ಇಳಿಯುತ್ತಿದ್ದರು. ಹಗೇವಿನ ಬಾಯಿಯ ಪಕ್ಕ ಉರಿಯುವ ಲಾಟೀನು ಕಂಡಿತೆಂದರೆ ಒಳಗಿನ ಗಾಳಿ ನೋಡಿ ಆಗಿದೆ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತಿತ್ತು.

ಕಂಡಕ್ಟರತ್ತೆಗೆ ಗೊತ್ತಿರಲಿಲ್ಲ.

ಅತ್ತೆ ನಮಗೆ ಯಾವ ರೀತಿಯಲ್ಲೂ ಸಂಬಂಧಿಕಳಲ್ಲ. ನಮ್ಮೂರು ಹೊಸದುರ್ಗ ತಾಲ್ಲೂಕಿನದು. ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಮನೆತನದ ಅಣ್ಣತಮ್ಮಂದಿರವು. ಒಬ್ಬರ ಮನೆಯಲ್ಲಿ ಹೆರಿಗೆಯಾದರೆ ಬೀದಿಗೆಲ್ಲ ಪುರುಡು, ಒಬ್ಬರು ಸತ್ತರೆ ಬೀದಿಗೆಲ್ಲ ಸೂತಕ. ಆ ಬೀದಿಯಲ್ಲಿ ಬಾಡಿಗೆಗೆ ಕೊಡುವಂಥದ್ದು ಇದ್ದದ್ದು ನಮ್ಮ ಮನೆಗೆ ಎದುರಾಗಿದ್ದ ಒಂದೇ ಮನೆ. ಹಿರಿಯೂರಿಗೂ ಹೊಸದುರ್ಗಕ್ಕೂ ಓಡುತ್ತಿದ್ದ ಖಾಸಗಿ ಬಸ್ಸು ರಾತ್ರಿ ನಮ್ಮೂರಿಗೆ ಬಂದು ಹಾಲ್ಟ್ ಆಗುತ್ತಿತ್ತು. ಅದರ ಕಂಡಕ್ಟರ್ ಎಷ್ಟು ದಿನ ಅಂತ ಸೀಟಿನ ಮೇಲೆ ಮಲಗುತ್ತಾರೆ? ಹೆಂಡತಿಯನ್ನು ಕರೆದುಕೊಂಡು ಬಂದು ಆ ಮನೆ ಹಿಡಿದರು. ಆಕೆ ಹಿರಿಯೂರು ಹತ್ತಿರದ ಬಬ್ಬೂರಿನವಳು. ಅಪ್ಪ ಅಲ್ಲಿನ ಫಾರಂನಲ್ಲಿ ಕೆಲಸಕ್ಕಿದ್ದವರು. ನಾಲೆ ನೀರಿನ ಊರು, ನೆಲವೆಲ್ಲ ತೇವ, ಹಗೇವು ಎಂಬುದನ್ನು ಆಕೆ ನಮ್ಮೂರಿಗೆ ಬಂದ ಮೇಲೆಯೇ ಕಂಡದ್ದು.

ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ನಮ್ಮ ಬೀದಿಯ ಹೆಂಗಸರಲ್ಲಿ ಹಾಗೆ ಸರಾಗವಾಗಿ ಓದಬಲ್ಲವಳು ಆಗ ಬೇರೆ ಯಾರೂ ಇರಲಿಲ್ಲ, ನನ್ನನ್ನು ಬಿಟ್ಟರೆ. ನಾನೋ, ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟು ಮನೆಯಲ್ಲಿ ಕುಳಿತವಳು. ನನ್ನ ಓದಿನ ಮೇಲೆ ಯಾರಿಗೂ ಅಷ್ಟು ನಂಬಿಕೆ ಉಳಿದಿರಲಿಲ್ಲ.

ಬಸ್ಸಿನಲ್ಲಿ ಜನ ಬಿಟ್ಟುಹೋದ ಪುಸ್ತಕಗಳನ್ನು ಕಂಡಕ್ಟರ್ ಮಾವ ಮನೆಗೆ ತರುತ್ತಿದ್ದರು. ಹೆಚ್ಚಿನವು ಕೊಲೆ, ಪತ್ತೇದಾರಿಕೆಯ ಕಾದಂಬರಿಗಳು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಹೆಂಗಸರೆಲ್ಲ ಅತ್ತೆಯ ಮನೆ ಜಗಲಿಗೆ ಬರುತ್ತಿದ್ದರು. ಒಬ್ಬಳ ಮಡಿಲಲ್ಲಿ ಮೊರ, ಇನ್ನೊಬ್ಬಳ ಮುಂದೆ ಹುಣಸೆಹಣ್ಣಿನ ರಾಶಿ. ಅತ್ತೆ ಕಂಬಕ್ಕೆ ಒರಗಿ ಓದುತ್ತಿದ್ದಳು. ಓದುವುದು ಎಂದರೆ ಬರೀ ಓದಲ್ಲ. ಇನ್‌ಸ್ಪೆಕ್ಟರ್ ಬಂದರೆ ಗಂಟಲು ದಪ್ಪ, ಸಾಹುಕಾರನ ಎರಡನೇ ಹೆಂಡತಿ ಬಂದರೆ ಮೂಗಿನಲ್ಲಿ ಮಾತು. ನಮ್ಮ ಮೂಲೆಮನೆ ದೊಡ್ಡವ್ವ ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದಳು. ಹೆಣ ಬಿದ್ದ ಪುಟ ಬಂದಾಗಲೆಲ್ಲ ಅಯ್ಯೋ ಶಿವನೇ ಎಂದು ನಿಜವಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅತ್ತೆಗೂ ದೊಡ್ಡವ್ವನಿಗೂ ತುಂಬ ಬಳಕೆ. ಮನೆಯಲ್ಲಿ ಏನೇ ಮಾಡಿದರೂ ಒಂದು ಬಟ್ಟಲು ಆ ಕಡೆ ಈ ಕಡೆ ಓಡಾಡುತ್ತಿತ್ತು.

ತಮಾಷೆ ಏನೆಂದರೆ, ಎಷ್ಟೋ ಪುಸ್ತಕಗಳಿಗೆ ಕೊನೆಯ ಹಾಳೆಗಳೇ ಇರುತ್ತಿರಲಿಲ್ಲ. ಬಸ್ಸಿನವರು ಎಲೆಅಡಿಕೆ ಕಟ್ಟಲೋ, ಮಗುವಿನ ಮೂಗು ಒರೆಸಲೋ ಹರಿದುಕೊಂಡಿರುತ್ತಿದ್ದರು. ಕೊಲೆ ಮಾಡಿದವರು ಯಾರು ಎಂಬುದು ಆ ಹಾಳೆಯ ಜೊತೆಗೇ ಹೋಗಿರುತ್ತಿತ್ತು. ಆಗ ನಮ್ಮ ಜಗಲಿಯೇ ತೀರ್ಮಾನ ಮಾಡುತ್ತಿತ್ತು. ನಮ್ಮವ್ವ ಯಾವಾಗಲೂ ಡಾಕ್ಟರನ ಮೇಲೆ ಹಾಕುತ್ತಿದ್ದಳು, ಡಾಕ್ಟರ್ ಇಲ್ಲದ ಕಥೆಯಲ್ಲಿ ವಕೀಲನ ಮೇಲೆ. ಜೋರಾಗಿ ವಾದ ನಡೆದು, ಕೊನೆಗೆ ಹೆಚ್ಚು ಜನ ಯಾರನ್ನು ಹೇಳುತ್ತಾರೋ ಅವನೇ ಕೊಲೆಗಾರ. ಅತ್ತೆ ನಗುತ್ತಾ ಪುಸ್ತಕ ಮುಚ್ಚುತ್ತಿದ್ದಳು. ಒಂದು ದಿನ ಹೀಗೇ ತೀರ್ಮಾನವಾದ ಮೇಲೆ ಅವಳು ಆಡಿದ ಮಾತು ನನಗೆ ನೆನಪಿದೆ. ಒಬ್ಬ ಸಿಕ್ಕಿಬೀಳುವ ತನಕ ಮನೆಯಲ್ಲಿದ್ದವರೆಲ್ಲ ಹೆದರಿಕೊಂಡಿರುತ್ತಾರೆ, ಏಕೆಂದರೆ ಎಲ್ಲರೂ ಏನೋ ಒಂದು ಮುಚ್ಚಿಟ್ಟಿರುತ್ತಾರೆ. ಅವನು ಸಿಕ್ಕ ಮೇಲೆ ಉಳಿದವರು ಮುಚ್ಚಿಟ್ಟದ್ದನ್ನು ಯಾರೂ ಕೇಳುವುದೇ ಇಲ್ಲ, ಎಂದಿದ್ದಳು. ದೊಡ್ಡವ್ವ ಹೌದಲ್ವಾ ಎಂದು ಮೊರ ಕೊಡವಿಕೊಂಡು ಎದ್ದಳು.

ಆ ಬೇಸಿಗೆ ಓದುತ್ತಿದ್ದದ್ದು ಒಂದು ಬಂಗಲೆಯ ಕಥೆ. ಸುತ್ತ ಹೊಳೆ ಏರಿ ಸೇತುವೆ ಕೊಚ್ಚಿಹೋಗಿದೆ, ಒಳಗಿದ್ದವರು ಒಳಗೇ. ಯಾರೂ ಹೊರಗಿನಿಂದ ಬರುವ ಹಾಗಿಲ್ಲ. ಅಂದರೆ ಕೊಂದವನು ತಮ್ಮ ಜೊತೆಗೇ ಊಟಕ್ಕೆ ಕೂರುತ್ತಿದ್ದಾನೆ... ಹೆಂಗಸರು ಅಡುಗೆ ಮಾಡುವಾಗಲೂ ಅದೇ ಮಾತು. ಅರ್ಧ ಆಗಿತ್ತು.

ಮೂಲೆಮನೆಯಲ್ಲಿ ದೊಡ್ಡವ್ವನ ಮಗಳಿಗೆ ಹೆರಿಗೆಯಾಯಿತು. ಬೀದಿಗೆಲ್ಲ ಪುರುಡು. ಅದೇ ವಾರ ಒಂದು ಟ್ರ್ಯಾಕ್ಟರು ತಿರುಗಿಸಿಕೊಳ್ಳಲು ಹೋಗಿ ಮೂಲೆಮನೆಯ ಮುಂದಿದ್ದ ಹಗೇವಿನ ಮೇಲೆ ಹತ್ತಿತು. ಚಪ್ಪಡಿ ಬಿರಿಯಿತು. ಆ ಹೊತ್ತಿಗೆ ಊರಲ್ಲಿ ಬಹಳಷ್ಟು ಹಗೇವುಗಳನ್ನು ಮುಚ್ಚಿಯಾಗಿತ್ತು, ನಮ್ಮ ಬೀದಿಯಲ್ಲಿ ಉಳಿದಿದ್ದದ್ದು ಅದೊಂದೇ. ಆಕಾಶ ನೋಡಿದರೆ ಕಪ್ಪಿಟ್ಟಿದೆ. ನೀರು ಇಳಿದರೆ ಅಷ್ಟೂ ರಾಗಿ ಹಾಳು. ಪುರುಡು ಕಳೆಯುವ ತನಕ ಕಾಯುವ ಹಾಗಿಲ್ಲ, ಒಂದು ರಾತ್ರಿ ಬಾಯಿ ತೆರೆದು ಬಿಡುವ ಹಾಗೂ ಇಲ್ಲ. ದೊಡ್ಡಪ್ಪ ಬೆಳ್ಳಂಬೆಳಿಗ್ಗೆ ಕಲ್ಲು ಎತ್ತಿಸಿದ.

ಹಗೇವಿನ ಬಾಯಿ ತೆಗೆದಾಗ ಪೂಜೆ ಮಾಡಲೇಬೇಕು. ಪುರುಡಿನಲ್ಲಿರುವ ನಮ್ಮ ಯಾವ ಮನೆಯ ಹೆಂಗಸೂ ಮಾಡುವಂತಿಲ್ಲ. ಆ ಪುರುಡು ತಾಗದವಳು ಬೀದಿಯಲ್ಲಿ ಒಬ್ಬಳೇ. ದೊಡ್ಡವ್ವ ಹೇಳಿಕಳಿಸಿದಳು, ಕಂಡಕ್ಟರತ್ತೆ ತಲೆಗೆ ನೀರು ಹಾಕಿಕೊಂಡು ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದಳು. ನನಗೆ ಆಗ ಹೊಸದುರ್ಗದಲ್ಲಿ ಟೈಪಿಂಗ್ ಕ್ಲಾಸು, ಕಂಡಕ್ಟರ್ ಮಾವನ ಬಸ್ಸಿಗೇ ಹೋಗುತ್ತಿದ್ದೆ. ಮನೆ ಬಿಟ್ಟಾಗ ಅವಳನ್ನು ನೋಡಿದೆ. ಒದ್ದೆ ಕೂದಲನ್ನು ಗಂಟು ಹಾಕಿಕೊಂಡು, ಮಣ್ಣಿನ ಹಣತೆ ಹಚ್ಚಲು ಒದ್ದಾಡುತ್ತಿದ್ದಳು. ಮಳೆಗಾಳಿ. ಹಚ್ಚಿದ್ದು ಆರುತ್ತಿತ್ತು, ಮತ್ತೆ ಹಚ್ಚುತ್ತಿದ್ದಳು. ನನ್ನನ್ನು ನೋಡಿ ನಕ್ಕು, ಏನು ಗಾಳಿನೇ ಇದು ಎಂದಳು. ನಾನು ಕಣ್ಣಾರೆ ಕಂಡದ್ದು ಅಷ್ಟೇ.

ಉಳಿದದ್ದು ಕೇಳಿದ್ದು. ಪೂಜೆಯ ದೀಪ ಆರುವುದು ಒಳ್ಳೆಯದಲ್ಲ ಎಂದು ಅವಳು ಮನೆಗೆ ಹೋಗಿ ತನ್ನ ಲಾಟೀನು ತಂದಳು. ಗಾಜಿನೊಳಗೆ ದೀಪ ನಿಂತಿತು. ಹಗೇವಿನ ಬಾಯಿಯ ಪಕ್ಕ ಅದನ್ನಿಟ್ಟು, ಕೈಮುಗಿದು, ಒಲೆಯ ಮೇಲೆ ಅನ್ನ ಇಟ್ಟಿದ್ದೇನೆ ಎಂದು ಮನೆಗೆ ಹೋದಳು. ದೊಡ್ಡಪ್ಪ ಹಗ್ಗ, ಪುಟ್ಟಿ ತರಲು ಹಿತ್ತಲಿಗೆ ಹೋಗಿದ್ದ. ದೊಡ್ಡವ್ವನ ಕಿರಿಮಗ, ದುರ್ಗದಲ್ಲಿ ಐಟಿಐ ಓದುತ್ತಿದ್ದವನು, ರಜಕ್ಕೆ ಬಂದಿದ್ದ. ಬನಿಯನ್ ಹಾಕಿಕೊಂಡು ಹೊರಗೆ ಬಂದು, ದೀಪ ಇಳಿಸಿ ನೋಡಿ ಆಯಿತೇನು ಎಂದು ಕೇಳಿದ. ಲಾಟೀನು ಅಲ್ಲೇ ಇತ್ತು, ಉರಿಯುತ್ತಿತ್ತು. ಅವನು ಇಳಿದ.

ದೊಡ್ಡಪ್ಪ ಹಗ್ಗ ತರುವ ಹೊತ್ತಿಗೆ ಒಳಗಿನಿಂದ ಸದ್ದಿರಲಿಲ್ಲ. ಅವನೂ ಹಿಂದೆಯೇ ಇಳಿಯಲು ಹೋದ, ನಾಲ್ಕು ಜನ ಹಿಡಿದುಕೊಂಡರಂತೆ. ಕೊಕ್ಕೆ ಹಾಕಿ ಮೇಲೆತ್ತಿದರು. ನಾನು ಕ್ಲಾಸು ಮುಗಿಸಿ ಬಂದಾಗ ಅವನನ್ನು ಜಗಲಿಯ ಮೇಲೆ ಮಲಗಿಸಿದ್ದರು, ಮೈಗೆಲ್ಲ ರಾಗಿ ಅಂಟಿಕೊಂಡಿತ್ತು. ಬೀದಿಯ ತುಂಬ ಆ ಮುಗ್ಗಲು ವಾಸನೆ... ನನಗಿಂತ ಒಂದು ವರ್ಷ ದೊಡ್ಡವನು. ನನ್ನ ಇಂಗ್ಲಿಷ್ ಫೇಲನ್ನು ಊರೆಲ್ಲ ಹೇಳಿಕೊಂಡು ಬಂದ ಪುಣ್ಯಾತ್ಮ.

ಪೊಲೀಸರು ಬಂದು, ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಅವರ ಕೆಲಸ ಮುಗಿಯಿತು, ನಮ್ಮ ಬೀದಿಯದು ಶುರುವಾಯಿತು.

ಮೊದಮೊದಲು ಎಲ್ಲರ ಮಾತೂ ಎಲ್ಲರ ಮೇಲೂ ಹೋಗುತ್ತಿತ್ತು. ದೊಡ್ಡಪ್ಪ ಅವಸರ ಮಾಡಬಾರದಿತ್ತು. ಟ್ರ್ಯಾಕ್ಟರಿನವನು ನೋಡಿಕೊಂಡು ತಿರುಗಿಸಬೇಕಿತ್ತು. ಅಪ್ಪ ಬರುವ ತನಕ ಹುಡುಗ ಕಾಯಬೇಕಿತ್ತು. ಹೀಗೆ ಹೇಳುವಾಗ ಹೇಳಿದವರೇ ಆ ಕಡೆ ಈ ಕಡೆ ನೋಡಿ ಸುಮ್ಮನಾಗುತ್ತಿದ್ದರು. ಏಕೆಂದರೆ ಟ್ರ್ಯಾಕ್ಟರಿನವನು ನಮ್ಮ ಚಿಕ್ಕಪ್ಪನ ಮಗ, ದೊಡ್ಡಪ್ಪ ಮನೆತನಕ್ಕೆ ಹಿರಿಯ, ಹುಡುಗನಂತೂ ಸತ್ತೇಹೋಗಿದ್ದಾನೆ. ಆಮೇಲೆ ಯಾರೋ ಒಬ್ಬರು ಲಾಟೀನಿನ ಮಾತು ಎತ್ತಿದರು. ಅದು ನಿಂತುಬಿಟ್ಟಿತು. ಆಯಮ್ಮ ಲಾಟೀನು ಇಡದಿದ್ದರೆ ಹುಡುಗ ಇಳಿಯುತ್ತಿದ್ದನಾ? ಹಣತೆ ಆರಿದರೆ ಆರಲಿ ಎಂದು ಬಿಡಬೇಕಿತ್ತು. ಸೂತಕ ಕಳೆಯುವ ಹೊತ್ತಿಗೆ ಬೀದಿಯಲ್ಲಿ ಅದು ಒಪ್ಪಿತವಾದ ಮಾತಾಗಿತ್ತು. ನಮ್ಮವ್ವನೂ ತಲೆ ಆಡಿಸುತ್ತಿದ್ದಳು.

ನಲ್ಲಿಯ ಹತ್ತಿರ ಅತ್ತೆ ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಸ್ವಲ್ಪ ಸರಿಸಿಕೊಳ್ಳುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತೇನೋ, ತಿರುಗಿ ಏನಾದರೂ ಹೇಳಬಹುದಿತ್ತು. ಅರಿಸಿನ ಕುಂಕುಮಕ್ಕೆ ಕರೆಯುವುದು ನಿಂತಿತು. ಅವಳ ಮನೆಯಿಂದ ಬಟ್ಟಲು ಬರುವುದು, ಇಲ್ಲಿಂದ ಹೋಗುವುದು ನಿಂತಿತು. ಅಂಗಡಿಗೆ ಹೋಗುವ ಹೆಂಗಸರು ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗತೊಡಗಿದರು.

ತಿಂಗಳು ಕಳೆದ ಮೇಲೆ ಒಂದು ದಿನ ಅತ್ತೆ ಮೂಲೆಮನೆಗೆ ಬಂದಳು. ನಾನು ಒಳಗೆ ಬಾಣಂತಿಯ ಜೊತೆ ಕುಳಿತಿದ್ದೆ. ಹೊಸಿಲ ಆಚೆಯೇ ನಿಂತಿದ್ದಳು, ಒಳಗೆ ಕಾಲಿಡಲಿಲ್ಲ. ದೊಡ್ಡವ್ವ ನಡುಮನೆಯ ಗೋಡೆಗೆ ಒರಗಿದ್ದಳು.

"ಅಕ್ಕಾ, ನಮ್ ಕಡೆ ಹಗೇವಿಲ್ಲ, ನಂಗೆ ಗೊತ್ತಿರ್ಲಿಲ್ಲ. ನಿನ್ನಿಂದ ಆಗಿದ್ದಲ್ಲ ಅಂತ ಒಂದ್ ಮಾತು ಅಂದ್ಬಿಡ್ರಿ. ಬ್ಯಾರೆ ಯಾರು ಏನಂದ್ರೂ ನಾನು ತಡ್ಕಂತೀನಿ."

ದೊಡ್ಡವ್ವ ಅವಳನ್ನೇ ನೋಡುತ್ತಿದ್ದಳು. ಬಾಯಿ ತೆಗೆಯಲಿಲ್ಲ. ಅತ್ತೆ ಎಷ್ಟು ಹೊತ್ತು ನಿಂತಿದ್ದಳೋ ತಿಳಿಯದು, ಮಗು ಎಚ್ಚರವಾಗಿ ಅತ್ತಿತು. ದೊಡ್ಡವ್ವ ಎದ್ದು ಮಗುವಿನ ಕೋಣೆಗೆ ಬಂದಳು. ನಾನು ಹೊರಗೆ ಹೋಗಿ ನೋಡಿದಾಗ ಹೊಸಿಲ ಹತ್ತಿರ ಯಾರೂ ಇರಲಿಲ್ಲ.

ಆ ಒಂದು ಮಾತಿಗಾಗಿ ಅವಳು ಅಲ್ಲಿ ಇನ್ನೂ ಒಂದು ವರ್ಷ ಇದ್ದಳು ಎಂದು ನನಗೆ ಈಗ ಅನಿಸುತ್ತದೆ. ಇಲ್ಲದಿದ್ದರೆ ಯಾರು ಇರುತ್ತಾರೆ ಅಂಥ ಬೀದಿಯಲ್ಲಿ? ಮಧ್ಯಾಹ್ನವಾದರೆ ಜಗಲಿಗೆ ಬಂದು, ಅದೇ ಕಂಬಕ್ಕೆ ಒರಗಿ, ಆ ಬಂಗಲೆಯ ಕಥೆಯನ್ನು ಬಿಟ್ಟಲ್ಲಿಂದ ಗಟ್ಟಿಯಾಗಿ ಓದುತ್ತಿದ್ದಳು. ಕೇಳಲು ಜಗಲಿಯ ಮೇಲೆ ಯಾರೂ ಇಲ್ಲ. ಆದರೆ ಒಂದೊಂದು ಮನೆಯ ಬಾಗಿಲ ಹಿಂದೆಯೂ ಮೊರದ ಸದ್ದು ನಿಲ್ಲುತ್ತಿತ್ತು. ನಮ್ಮವ್ವ ಕಿಟಕಿಯ ಪಕ್ಕ ಕುಳಿತು ಒಂದೇ ಹಿಡಿ ಅವರೆಕಾಳನ್ನು ಎಷ್ಟು ಹೊತ್ತು ಆರಿಸುತ್ತಿದ್ದಳೋ! ಕಥೆ ಬೇಕು, ಕಥೆ ಓದುವವಳು ಬೇಡ. ನಾನು ಹೋಗಿ ಕೂರುತ್ತೇನೆ ಎಂದು ಎದ್ದರೆ ಅವ್ವ ಕೈ ಹಿಡಿದು ಎಳೆದು ಕೂರಿಸಿದಳು, ನಿನಗೆ ಮದುವೆ ಆಗಬೇಕೋ ಬೇಡವೋ ಎಂದು ಕೇಳಿದಳು. ಅತ್ತೆ ಇನ್‌ಸ್ಪೆಕ್ಟರನ ಗಂಟಲು ಬಿಟ್ಟಿದ್ದಳು, ಯಾರ ಮಾತಾದರೂ ಒಂದೇ ದನಿ. ಒಂದು ಮಧ್ಯಾಹ್ನ ನಡುವೆ ಎಲ್ಲೋ ನಿಲ್ಲಿಸಿ ಒಳಗೆ ಹೋದವಳು ಮತ್ತೆ ಓದಲು ಬರಲಿಲ್ಲ. ಮುಂದೇನಾಯಿತೋ ಎಂದು ಆ ರಾತ್ರಿ ಊಟಕ್ಕೆ ಕುಳಿತಾಗ ಅವ್ವ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಬರುಬರುತ್ತಾ ಅತ್ತೆಯೇ ಅದನ್ನು ನಂಬತೊಡಗಿದಳು. ಕರೆಂಟು ಹೋದಾಗ ಬೀದಿಯ ಮನೆಗಳಲ್ಲೆಲ್ಲ ಬುಡ್ಡಿಯೋ ಮೇಣದ ಬತ್ತಿಯೋ ಕಾಣುತ್ತಿತ್ತು, ಅವಳ ಮನೆ ಮಾತ್ರ ಕತ್ತಲಲ್ಲೇ ಇರುತ್ತಿತ್ತು. ಒಮ್ಮೆ ಹಿಟ್ಟಿನ ಗಿರಣಿಯ ಹತ್ತಿರ ಒಬ್ಬಳೇ ಸಿಕ್ಕಾಗ, ಹಣತೆ ಆರಿದಾಗಲೇ ದೇವರು ಬೇಡ ಅಂದಿದ್ದನೇನೋ, ನಾನೇ ಹಟ ಹಿಡಿದು ಲಾಟೀನು ತಂದೆ ಎಂದಳು. ಹಾಗೆಲ್ಲ ಅನ್ನಬೇಡ ಎಂದೆ. ಅವಳು ನನ್ನ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹೌದು, ಅದು ನನ್ನ ಬಾಯಿಂದ ಬರಬೇಕಾದ ಮಾತಾಗಿರಲಿಲ್ಲ.

ಯುಗಾದಿ ಕಳೆದ ಮೇಲೆ ಮಾವ ಬೇರೆ ರೂಟು ಕೇಳಿ ಪಡೆದರು. ಸಾಮಾನು ಹೇರಿದ ಟೆಂಪೊ ಬೀದಿ ದಾಟುವಾಗ ಎಲ್ಲ ಬಾಗಿಲುಗಳೂ ಹಾಕಿದ್ದವು. ಮೂಲೆಮನೆಯ ಮುಂದೆ ಟೆಂಪೊ ನಿಧಾನವಾಯಿತು, ಆ ಬಾಗಿಲೂ ತೆರೆಯಲಿಲ್ಲ. ಹಗೇವಿಗೆ ಮಣ್ಣು ತುಂಬಿಸಿದರು. ಈಗ ಅದರ ಮೇಲೆ ಕಾಂಕ್ರೀಟ್ ರಸ್ತೆ ಹೋಗಿದೆ. ನನಗೆ ಮದುವೆಯಾಯಿತು, ದುರ್ಗಕ್ಕೆ ಬಂದೆ. ಮೂವತ್ತು ವರ್ಷದ ಮೇಲೇ ಆಯಿತು.

ಹೋದ ವರ್ಷ ಹಿರಿಯೂರಿನಲ್ಲಿ ನಮ್ಮೆಜಮಾನರ ಕಡೆಯವರ ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತ ಮುದುಕಿ, ಉಪ್ಪು ಬಡಿಸಲು ಬಂದವನಿಗೆ ಸಾಕಪ್ಪ ಎಂದಳು. ಆ ಒಂದೇ ಮಾತಿಗೆ ನನಗೆ ಗುರುತು ಹತ್ತಿತು. ಅತ್ತೆ ಎಂದೆ. ತಿರುಗಿ ನೋಡಿದಳು, ನನ್ನ ಹೆಸರು ಹೇಳಿದಳು, ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ಬಬ್ಬೂರಿಗೆ ಕರೆದುಕೊಂಡು ಹೋದಳು. ಮಾವ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ತಮ್ಮನ ಮನೆಯ ಪಕ್ಕದಲ್ಲೇ ಒಂದು ಕೋಣೆ. ಪುಸ್ತಕ ಒಂದೂ ಕಾಣಲಿಲ್ಲ. ಈಗಲೂ ಓದುತ್ತೀಯಾ ಎಂದು ಕೇಳಿದರೆ ಕಣ್ಣು ಕಾಣಲ್ಲ ಎಂದಳು. ಸುಳ್ಳು, ನನ್ನ ಸೀರೆಯ ಅಂಚಿನ ಎಳೆ ಬಿಟ್ಟದ್ದನ್ನು ಅಷ್ಟು ದೂರದಿಂದ ನೋಡಿ ಹೇಳಿದ್ದಳು. ಊರಿನ ಒಬ್ಬೊಬ್ಬರನ್ನೂ ವಿಚಾರಿಸಿದಳು. ಯಾರು ಸತ್ತರು, ಯಾರ ಮಗಳು ಎಲ್ಲಿದ್ದಾಳೆ ಎಂದೆಲ್ಲ ಕೇಳಿ, ಕೊನೆಗೆ ಕೇಳಬೇಕಾದ್ದನ್ನು ಕೇಳಿದಳು. ನಿಮ್ಮ ದೊಡ್ಡವ್ವ ಯಾವಾಗಲಾದರೂ ನನ್ನ ವಿಷಯ ಎತ್ತುತ್ತಾರಾ ಎಂದಳು.

ನನಗೆ ತಡೆಯಲಾಗಲಿಲ್ಲ. ಆ ಬೀದಿಯವರ ಮೇಲೆ ಅಷ್ಟು ವರ್ಷದ ಸಿಟ್ಟು ನನ್ನಲ್ಲಿತ್ತು, ಎಲ್ಲ ಕಕ್ಕಿದೆ. ಲಾಟೀನು ಇಟ್ಟವಳನ್ನೇ ಎಲ್ಲರೂ ಹಿಡಿದುಕೊಂಡರಲ್ಲ, ಹುಡುಗ ಕೇಳಿದಾಗ ಆಗಿದೆ ಎಂದು ಯಾರೋ ಹೇಳಿರಲೇಬೇಕು, ಅದು ಯಾರು ಎಂದು ಒಬ್ಬರಾದರೂ ಕೇಳಿದರಾ ಎಂದೆ. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕುಳಿತಿದ್ದಳು.

"ನಿಮ್ಮವ್ವ ಕಣೆ," ಎಂದಳು. "ಬಾಗ್ಲ ಮುಂದೆ ಕಸ ಗುಡಿಸ್ತಿದ್ಲು. ಹುಡ್ಗ ಕೂಗಿ ಕೇಳ್ತು. ಆಗೈತೆ ಕಣಪ್ಪ, ಉರೀತೈತೆ ನೋಡು ಅಂದ್ಲು. ನಾನು ಒಲೆ ಮುಂದಿದ್ದೆ, ಕೇಳಿಸ್ತು. ಸದ್ಯ, ನಾನು ಹಚ್ಚಿದ್ದು ಆರ್ಲಿಲ್ವಲ್ಲ ಅಂತ ಖುಷಿ ಆತು ನಂಗೆ."

ಅವ್ವ ಸುಳ್ಳು ಹೇಳಿರಲಿಲ್ಲ, ಲಾಟೀನು ಉರಿಯುತ್ತಲೇ ಇತ್ತು. ಹಗೇವಿನ ಬಾಯಿಯ ಪಕ್ಕ ಅದನ್ನು ಕಂಡರೆ ನಮ್ಮೂರಿನವರು ಯಾರೇ ಆಗಲಿ ಅದನ್ನೇ ಹೇಳುತ್ತಿದ್ದರು. ಆದರೆ ಅಷ್ಟು ದಿನ ಕೊಡ ಸರಿಸಿಕೊಂಡವಳು, ಕಿಟಕಿಯ ಹಿಂದೆ ಕುಳಿತು ಕಥೆ ಕೇಳಿದವಳು, ನನ್ನ ಕೈ ಹಿಡಿದು ಎಳೆದವಳು... ಅವಳು ನನ್ನ ಅವ್ವ. ಇದನ್ನು ಆಗಲೇ ಯಾಕೆ ಹೇಳಲಿಲ್ಲ ಎಂದು ಅತ್ತೆಯನ್ನು ಕೇಳಿದೆ. ಕೇಳುವಾಗ ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಹೇಳಿದ್ರೆ ನಿಮ್ಮವ್ವ ಎಲ್ಲಿಗೋಗ್ಬೇಕಿತ್ತು? ಅದೇ ಬೀದ್ಯಾಗೆ ಬಾಳ್ಬೇಕು, ಅದೇ ಬೀದ್ಯಾಗೆ ಸಾಯ್ಬೇಕು. ನಾನಾದ್ರೆ ಬಸ್ ಹತ್ತಿ ಬರ್ಬೋದಿತ್ತು."

ಊರಿಗೆ ಹೋಗಿ ಎಲ್ಲರಿಗೂ ಹೇಳುತ್ತೇನೆ, ದೊಡ್ಡವ್ವನನ್ನೇ ಇಲ್ಲಿಗೆ ಕರೆತರುತ್ತೇನೆ ಎಂದೆ. ಅತ್ತೆ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು, ತಾನು ಬದುಕಿರುವ ತನಕ ಯಾರಿಗೂ ಹೇಳಬಾರದೆಂದು. ನೀನು ಹೇಳಿಸಿದರೆ ಅದು ನಿನ್ನ ಮಾತಾಗುತ್ತದೆ, ನಿಮ್ಮ ದೊಡ್ಡವ್ವ ತಾವಾಗಿಯೇ ಅಂದರೆ ಸರಿ, ಇಲ್ಲವಾದರೆ ಬೇಡ ಎಂದಳು. ಆ ವಯಸ್ಸಿನಲ್ಲೂ ಅವಳಿಗೆ ಆ ಮಾತಿನ ಆಸೆ ಹೋಗಿರಲಿಲ್ಲ. ಬಸ್ಸು ಹತ್ತಿಸಲು ಬಂದವಳು, ಬಸ್ಸು ಹೊರಡುವ ಮೊದಲೇ ಮುಖ ತಿರುಗಿಸಿಕೊಂಡು ಹೋಗಿಬಿಟ್ಟಳು.

ಈ ವರ್ಷ ಮಳೆ ಹಿಡಿಯುವ ಮೊದಲು ಅವಳ ತಮ್ಮನ ಮಗ ಫೋನ್ ಮಾಡಿದ. ಮಣ್ಣು ಮಾಡಿ ಆಗಲೇ ನಾಲ್ಕು ದಿನವಾಗಿತ್ತಂತೆ. ನನ್ನ ನಂಬರು ಅತ್ತೆಯ ಸಾಮಾನಿನಲ್ಲಿ ಆಮೇಲೆ ಸಿಕ್ಕಿತಂತೆ. ಫೋನ್ ಇಟ್ಟು ಸ್ಕೂಟರಿನ ಸದ್ದು, ಕುಕ್ಕರಿನ ಸದ್ದು ಕೇಳುತ್ತಾ ನಿಂತಿದ್ದೆ. ಆಣೆ ತೀರಿತ್ತು. ಆದರೂ ಊರಿಗೆ ಹೋಗಲು ಮನಸ್ಸು ಬರಲಿಲ್ಲ. ಅವ್ವನ ಮುಂದೆ ಕುಳಿತು ಇದನ್ನು ಹೇಗೆ ಹೇಳುವುದು?

ಡ್ರಮ್ಮಿನ ಮುಚ್ಚಳ ತೆಗೆದ ಮೇಲೆ ಇರಲಾಗದೆ ಹೋದ ವಾರ ಹೋದೆ. ಅವ್ವ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಅತ್ತೆ ತೀರಿಹೋದದ್ದನ್ನು ಹೇಳಿದೆ, ಅವಳು ನನಗೆ ಹೇಳಿದ್ದನ್ನೂ ಹೇಳಿದೆ. ಅವ್ವ ಸೊಪ್ಪು ಬಿಡಿಸುತ್ತಲೇ ಇದ್ದಳು, ಕಡ್ಡಿಯನ್ನೂ ಎಲೆಯನ್ನೂ ಒಂದೇ ಕಡೆ ಹಾಕುತ್ತಿದ್ದಳು.

"ಆಯಮ್ಮಂಗೆ ಗೊತ್ತಿತ್ತಾ?" ಎಂದು ಕೇಳಿದಳು. ಗೊತ್ತಿತ್ತು ಎಂದೆ. "ಹೇಳ್ಬಿಡ್ಬೇಕಿತ್ತು ಆಯಮ್ಮ," ಎಂದಳು.

ಇದೂ ಅವಳದೇ ತಪ್ಪಾ ಎಂದು ನಾನು ಬಾಯಿಗೆ ಬಂದಂತೆ ಮಾತಾಡಿದೆ. ಅವ್ವ ಅಂದದ್ದು ಆ ಅರ್ಥದಲ್ಲಲ್ಲ ಎಂದು ನನಗೆ ಗೊತ್ತಾದದ್ದು, ಕಡ್ಡಿ ಎಲೆ ಒಂದಾಗಿ ಬೆರೆಸುತ್ತಿದ್ದ ಅವಳ ಕೈ ನೋಡಿದಾಗ. ಅಷ್ಟು ವರ್ಷ ಬಲ್ಲವರು ಯಾರೂ ಇಲ್ಲ ಎಂದುಕೊಂಡು ಒಬ್ಬಳೇ ಹೊತ್ತಿದ್ದಳು ಪಾಪ, ಹಗುರಾಗುವ ಒಂದು ದಾರಿ ಬಬ್ಬೂರಿನಲ್ಲಿ ಕುಳಿತಿತ್ತು ಎಂದು ಅವಳಿಗೆ ಈಗ ತಿಳಿಯಿತು. ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದಳು. ಸೆರಗು ಸರಿಮಾಡಿಕೊಂಡು ಬೀದಿಗಿಳಿದಳು. ಮಂಡಿನೋವಿನವಳು, ಗೋಡೆ ಹಿಡಿದುಕೊಂಡು ಮೂಲೆಮನೆಯ ಕಡೆ ನಡೆದಳು. ನಾನು ಹಿಂದೆಯೇ ಹೋದೆ.

ದೊಡ್ಡವ್ವ ಹೊಸಿಲ ಒಳಗೆ ಚಾಪೆಯ ಮೇಲೆ ಕುಳಿತಿದ್ದಳು. ಬಾರೇ, ಕುಂತ್ಕ ಎಂದಳು. ಅವ್ವ ಕೂರಲಿಲ್ಲ.

"ಅಕ್ಕಾ, ಅವತ್ತು ಹುಡ್ಗ ಕೇಳ್ದಾಗ ಆಗೈತೆ, ಉರೀತೈತೆ ಅಂದಿದ್ದು ನಾನು."

ದೊಡ್ಡವ್ವ ತಲೆ ಎತ್ತಿ ಅವ್ವನನ್ನು ನೋಡಿದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಗೊತ್ತು ಕಣೆ. ನಾನು ಒಳಗೇ ಇದ್ನಲ್ಲ, ಕೇಳಿಸಿತ್ತು."

ಗೊತ್ತಿದ್ದೂ ಯಾಕೆ ದೊಡ್ಡವ್ವ, ಗೊತ್ತಿದ್ದೂ ಅವಳನ್ನು ಯಾಕೆ ಹಾಗೆ ಬಿಟ್ಟೆ ಎಂದು ನಾನೇ ಕೇಳಿದೆ. ದೊಡ್ಡವ್ವ ನನ್ನ ಕಡೆ ನೋಡಲಿಲ್ಲ. ಅವ್ವನಿಗೇ ಹೇಳಿದಳು.

"ಮಗನ್ನ ಕಳ್ಕಂಡಿದ್ದೆ. ನಿನ್ನೂ ಕಳ್ಕಂಡು ಈ ಬೀದ್ಯಾಗೆ ಯಾರ್ ಜತೆ ಬಾಳ್ಲಿ ನಾನು? ಆಯಮ್ಮ ಆದ್ರೆ ಹೊರಗ್ನೋಳು, ಹೋಗ್ತಾಳೆ ಅಂತ ಬಾಯ್ ಮುಚ್ಕಂಡೆ." ಚಾಪೆಯ ಅಂಚು ಸವರುತ್ತಾ, "ಆಯಮ್ಮಂದೇನೂ ಇರ್ಲಿಲ್ಲ. ಆಯಮ್ಮನಿಂದ ಆಗಿದ್ದಲ್ಲ ಅದು," ಎಂದಳು.

ಅವ್ವ ಕುಸಿದು ಕುಳಿತಳು. ದೊಡ್ಡವ್ವ ಚಾಪೆಯ ಮೇಲೆ ಜಾಗ ಮಾಡಿ ಅವಳ ಬೆನ್ನು ಸವರತೊಡಗಿದಳು. ಇಬ್ಬರೂ ಅಳುತ್ತಿದ್ದರು. ನಾನು ಹೊಸಿಲ ಆಚೆಯೇ ನಿಂತಿದ್ದೆ. ದೊಡ್ಡವ್ವ ತಾನಾಗಿಯೇ ಅಂದಿದ್ದಳು, ನಾನು ಹೇಳಿಸಿರಲಿಲ್ಲ, ಯಾರೂ ಹೇಳಿಸಿರಲಿಲ್ಲ. ಕೇಳಬೇಕಾದವಳು ಬಬ್ಬೂರಿನ ಮಣ್ಣು ಸೇರಿ ತಿಂಗಳುಗಳೇ ಆಗಿದ್ದವು.